ಒಂದು ಟೈಲ್ಸ್

ಕನ್ನಡದಲ್ಲಿ ಟೈಲ್ ಒಂಟಿಯಾಗಿ ಇರೋದೇ ಇಲ್ಲ. ಬಿರುಕು ಬಿಟ್ಟಿದ್ದು ಒಂದೇ ಆದರೂ ನಾವು ಹೇಳೋದು "ಒಂದು ಟೈಲ್ಸ್ ಒಡೆದಿದೆ" ಅಂತ. ನಾನೂ ಹಾಗೇ ಹೇಳುತ್ತೇನೆ, ತಿದ್ದಲು ಹೋಗೋದಿಲ್ಲ. ಈ ಪದ ಯಾವ ಭಾಷೆಯಲ್ಲಿ ತಾನೇ ನೆಟ್ಟಗೆ ಉಳಿದಿದೆ?

ಇದು ಹುಟ್ಟಿದ್ದು ರೋಮನ್ನರ ಮಾಡಿನ ಮೇಲೆ. ಲ್ಯಾಟಿನ್ನಿನಲ್ಲಿ 'ತೆಗೆರೆ' ಅಂದರೆ ಮುಚ್ಚುವುದು, ಮಾಡು ಮುಚ್ಚುವ ಹೆಂಚು 'ತೆಗುಲ'. ನಮ್ಮ ಕಿವಿಗೆ 'ತೆಗೆ' ಅಂತ ಕೇಳಿಸುತ್ತೆ, ಅರ್ಥ ಮಾತ್ರ ಪೂರಾ ಉಲ್ಟಾ! ನಮ್ಮ 'ತೆಗೆ'ಗೆ ಹತ್ತಿರ ಬರೋದು ಅದೇ ಬೇರಿನ ಡಿಟೆಕ್ಟಿವ್. ಮುಚ್ಚಿದ್ದನ್ನು ತೆಗೆದು ನೋಡುವವನು ಅವನು.

ತೆಗುಲ ಚಪ್ಪಟೆ ಹೆಂಚು. ಎರಡು ಹೆಂಚುಗಳ ಸಂದಿಯ ಮೇಲೆ ಬೋರಲು ಹಾಕಲು ಬಾಗಿದ 'ಇಂಬ್ರೆಕ್ಸ್' ಬೇರೆ ಇತ್ತು. ರೋಮನ್ ಸೈನಿಕರು ಬೀಡುಬಿಟ್ಟ ಕಡೆ ಗೂಡು ಹಾಕಿ ಹೆಂಚು ಸುಡುತ್ತಿದ್ದರು, ಹಸಿ ಮಣ್ಣಿನ ಮೇಲೆ ತಮ್ಮ ಪಡೆಯ ಹೆಸರನ್ನೂ ಒತ್ತುತ್ತಿದ್ದರು. ಮರದ ಮನೆ ಕಟ್ಟಿಕೊಂಡಿದ್ದ ಉತ್ತರದ ಜರ್ಮನ್ ಜನ ಅವರಿಂದ ಗೋಡೆ, ಕಿಟಕಿ, ಸುಣ್ಣಗಳ ಹೆಸರಿನ ಜೊತೆ ಇದನ್ನೂ ಎತ್ತಿಕೊಂಡರು. ಅವರ ಬಾಯಲ್ಲಿ ಅದು 'ತ್ಸೀಗೆಲ್' ಆಯಿತು. ಹೆಂಚಿಗೂ ಅದೇ ಮಾತು, ಇಟ್ಟಿಗೆಗೂ ಅದೇ ಮಾತು. ಪೋಲಿಷ್ ಭಾಷೆಗೆ ಬರುವಷ್ಟರಲ್ಲಿ ಅದು ಇಟ್ಟಿಗೆಯೇ ಆಗಿಹೋಯಿತು. ಅಂದರೆ ಮಾಡಿನ ಮೇಲಿದ್ದದ್ದು ಗೋಡೆಗಿಳಿಯಿತು. ಡಚ್ಚರ 'ತೆಗೆಲ್' ಇನ್ನೂ ಕೆಳಗೆ ಬಂದು ಕಾಲಡಿಯ ಬಿಲ್ಲೆಯಾಯಿತು.

ಫ್ರೆಂಚರ 'ತ್ವೀಲ್' ಮಾತ್ರ ಮಾಡು ಬಿಡಲಿಲ್ಲ. ಪ್ಯಾರಿಸ್ಸಿನಲ್ಲಿ ಹೆಂಚಿನ ಗೂಡುಗಳಿದ್ದ ಜಾಗದಲ್ಲಿ 1564ರಲ್ಲಿ ರಾಣಿ ಕ್ಯಾಥರೀನ್ ಅರಮನೆ ಕಟ್ಟಿಸಲು ಶುರುಮಾಡಿದಳು. ಅದಕ್ಕೆ ಉಳಿದ ಹೆಸರು ತ್ವೀಲರಿ, ಅಂದರೆ ಹೆಂಚು ಸುಡೋ ಜಾಗ. ರಾಜರು ಹೆಂಚಿನ ಕಾರ್ಖಾನೆಯಲ್ಲಿ ವಾಸ ಮಾಡಿದ ಹಾಗಾಯ್ತು, ಅಲ್ವಾ? 1871ರಲ್ಲಿ ಆ ಅರಮನೆ ಬೆಂಕಿಗೆ ಸಿಕ್ಕಿತು. ತೋಟ ಈಗಲೂ ಆ ಹೆಸರು ಹೊತ್ತುಕೊಂಡಿದೆ.

ಅದೇ ತೆಗುಲ ಇಂಗ್ಲಿಷರ ಬಾಯಲ್ಲಿ ಟೈಲ್ ಆಯಿತು. ಕನ್ನಡಕ್ಕೆ ಈ ಪದ ಇಂಗ್ಲಿಷಿನಿಂದ ಬಂದಾಗ ಮಾಡಿನ ಮೇಲೆ ಜಾಗ ಖಾಲಿ ಇರಲಿಲ್ಲ, ಅಲ್ಲಿ ಹೆಂಚು ಕೂತಿತ್ತು. ಹಾಗಾಗಿ ನೆಲ ಮತ್ತು ಬಚ್ಚಲ ಗೋಡೆಯಲ್ಲೇ ನಿಂತಿತು.

ಆದರೆ ಇದರ ನೆಂಟರು ಮೊದಲೇ ನಮ್ಮಲ್ಲಿದ್ದರಂತೆ! ಲ್ಯಾಟಿನ್ನಿನ ತೆಗೆರೆಗೂ ಸಂಸ್ಕೃತದ 'ಸ್ಥಗ್' ಧಾತುವಿಗೂ ಭಾಷಾಶಾಸ್ತ್ರಜ್ಞರು ನಂಟು ಕಟ್ಟುತ್ತಾರೆ. ಅದರ ಅರ್ಥವೂ ಮುಚ್ಚು ಅಂತಲೇ. ಸ್ಥಗಿತ ಬಂದಿದ್ದು ಅಲ್ಲಿಂದ. ಮೇಸ್ತ್ರಿ ಅರ್ಧ ಕೋಣೆ ಮುಗಿಸಿ ನಾಪತ್ತೆಯಾದಾಗ "ಟೈಲ್ಸ್ ಕೆಲಸ ಸ್ಥಗಿತ" ಅಂತ ಗೊಣಗುತ್ತೀವಲ್ಲ, ಆ ಮೂರೇ ಪದಗಳಲ್ಲಿ ದೂರದ ಇಬ್ಬರು ದಾಯಾದಿಗಳು ಒಂದೇ ಸಾಲಿನಲ್ಲಿ ಕೂತಿರುತ್ತಾರೆ.