ನೀರು ಹಾಕಬೇಡಿ

ನಮ್ಮ ಓನರ್ ಅಂಕಲ್‌ಗೆ ಗಿಡ ಅಂದರೆ ಪ್ರಾಣ. ಗಿಡಗಳಿಗೆ ಅಂಕಲ್ ಅಂದರೆ ಪ್ರಾಣಭಯ. ಇದನ್ನು ನಿನ್ನೆಯವರೆಗೂ ತಮಾಷೆಗೆ ಹೇಳುತ್ತಿದ್ದೆ. ನಿನ್ನೆ ಬೆಳಿಗ್ಗೆ ಅವರು ಟೆರೇಸ್ ಮೇಲಿದ್ದ ನನ್ನ ಪಾಪಸ್ ಕಳ್ಳಿಗೆ ಔಷಧಿ ಹೊಡೆದರು. ಸಿಟ್ಟು ಇನ್ನೂ ಇಳಿದಿಲ್ಲ.

ಕಳ್ಳಿಗೆ ಯಾರಾದರೂ ಇಷ್ಟು ಸಂಕಟಪಡುತ್ತಾರಾ ಅಂತ ಕೇಳಬೇಡಿ. ಅದು ಶೋಕಿಗೆ ಇಟ್ಟಿದ್ದಲ್ಲ, ರಂಗನ ಊಟ.

ರಂಗ ಅಂದರೆ ಆಮೆ. ಸದಾ ಮಲಗಿರುತ್ತಾನೆ, ಅದಕ್ಕೇ ಶ್ರೀರಂಗಪಟ್ಟಣದ ಸ್ವಾಮಿಯ ಹೆಸರು. ಸಾಕಿದ್ದು ನನ್ನ ಮೈದುನ. ಅವನಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿತು, ನಮಗೆ ಆಮೆ ಸಿಕ್ಕಿತು. "ಅತ್ತಿಗೆ, ಇದು ಬೊಗಳಲ್ಲ, ವಾಕಿಂಗ್ ಬೇಡ, ಏನೂ ತೊಂದ್ರೆ ಇಲ್ಲ" ಅಂದವನೇ ಏರ್‌ಪೋರ್ಟ್ ಬಸ್ ಹತ್ತಿದ. ಮನೆಗೆ ಬಂದವರೆಲ್ಲ ಮೊದಲು ಕೇಳುವುದು, "ಫಾರೆಸ್ಟ್‌ನವರು ಹಿಡಿಯಲ್ವಾ?" ನಕ್ಷತ್ರ ಆಮೆ ಸಾಕಿದರೆ ಹಿಡಿಯುತ್ತಾರೆ, 1972ರ ವನ್ಯಜೀವಿ ಕಾಯ್ದೆ ಇದೆ. ರಂಗ ಆಫ್ರಿಕಾದವನು. ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನ ಸಲ್ಕಾಟಾ ಜಾತಿ. ಸರ್ಕಾರದ ಪರಿವೇಶ್ ಪೋರ್ಟಲ್‌ನ ನೋಂದಣಿ, ಕಾಗದಪತ್ರ ಎಲ್ಲವನ್ನೂ ಮೈದುನ ಮಾಡಿಸಿಟ್ಟಿದ್ದಾನೆ. ಸದ್ಯಕ್ಕೆ ತಿಂಡಿ ತಟ್ಟೆಯಷ್ಟು ಅಗಲ ಇದ್ದಾನೆ. ಈ ಜಾತಿಯ ಗಂಡು ಬೆಳೆದರೆ 50 ಕಿಲೋ ದಾಟುತ್ತದೆ ಅನ್ನುವುದನ್ನು ಓನರ್ ಅಂಕಲ್‌ಗೆ ಇನ್ನೂ ಹೇಳಿಲ್ಲ. ಮೊದಲು ಅಗ್ರಿಮೆಂಟ್ ರಿನ್ಯೂ ಆಗಲಿ.

ಇವನ ಮುಖ್ಯ ಆಹಾರ ಹುಲ್ಲು. ಬಸವನಗುಡಿಯಲ್ಲಿ ಹುಲ್ಲು ಎಲ್ಲಿಂದ ತರೋಣ? ಪಾರ್ಕಿನಲ್ಲಿ ಕೀಳಲು ಬಗ್ಗಿದರೆ ವಾಚ್‌ಮನ್ ವಿಸಿಲ್ ಊದುತ್ತಾನೆ. ಕೊನೆಗೆ ಗಾಂಧಿ ಬಜಾರಿನ ಹೂವಿನ ಸಾಲಿನಲ್ಲಿ ದಾರಿ ಸಿಕ್ಕಿತು. ಗರಿಕೆ! ಗಣಪತಿಗೆ ಏರಿಸುವುದನ್ನೇ ಕಟ್ಟುಗಟ್ಟಲೆ ತಂದು, ಚೆನ್ನಾಗಿ ತೊಳೆದು ರಂಗನ ಮುಂದೆ ಇಡುತ್ತೇನೆ. ಹೂವಿನಾಕೆಗೆ ನನ್ನ ಮೇಲೆ ಭಾರೀ ಗೌರವ. ಸಂಕಷ್ಟಿ ಇರಲಿ ಬಿಡಲಿ ಗರಿಕೆ ಒಯ್ಯುವ ಭಕ್ತೆ ಅಂತ ಪಕ್ಕದ ಅಂಗಡಿಯವಳಿಗೂ ತೋರಿಸುತ್ತಾಳೆ. "ಏನಕ್ಕಾ, ಹರಕೆನಾ?" ಅಂತ ಒಮ್ಮೆ ಕೇಳಿದಳು. ಹೂಂ ಅಂದೆ. ಪೂರ್ತಿ ಸುಳ್ಳೇನಲ್ಲ.

ಹುಲ್ಲಿನ ಜೊತೆ ಕಳ್ಳಿಯನ್ನೂ ಕೊಡಿ ಅಂದಿದ್ದು ಡಾಕ್ಟರ್. ಪಾಪಸ್ ಕಳ್ಳಿಯ ದಪ್ಪ ಎಲೆಯಲ್ಲಿ ನೀರು, ನಾರು, ಕ್ಯಾಲ್ಸಿಯಂ ಮೂರೂ ಇವೆಯಂತೆ, ಚಿಪ್ಪಿಗೆ ಒಳ್ಳೆಯದಂತೆ. ಜಾಸ್ತಿ ಕೊಟ್ಟರೆ ಹೊಟ್ಟೆ ಸಡಿಲ. ಆದರೆ ಹಾಲು ಬರುವ ಕಳ್ಳಿಯನ್ನು ಮಾತ್ರ ಹತ್ತಿರವೂ ತರಬೇಡಿ ಅಂದರು. ನಮ್ಮ ಕಡೆ ಕಳ್ಳಿ ಅಂದರೆ ಹೆಚ್ಚಾಗಿ ಅದೇ ತಾನೇ? ದೃಷ್ಟಿ ತಾಗದಿರಲಿ ಅಂತ ಟೆರೇಸ್ ಮೂಲೆಯಲ್ಲಿ ಕುಂಡದಲ್ಲಿ ಇಡುತ್ತಾರಲ್ಲ, ಅದನ್ನು ಗೀರಿ ನೋಡಿ, ಬಿಳಿ ಹಾಲು ಒಸರುತ್ತದೆ. ಚರ್ಮಕ್ಕೆ ಉರಿ, ಕಣ್ಣಿಗೆ ಬಿದ್ದರೆ ಆಸ್ಪತ್ರೆ. ಪಾಪಸ್ ಕಳ್ಳಿ ಬೇರೆಯದೇ ಕುಲ, ಅಮೆರಿಕ ಖಂಡದಿಂದ ಬಂದದ್ದು. ಗೀರಿದರೆ ಬರೀ ಲೋಳೆ.

ಸರಿ, ಕನಕಪುರ ರಸ್ತೆಯ ಬದಿಯ ಒಂದು ನರ್ಸರಿಗೆ ಹೋದೆ.

"ಪಾಪಸ್ ಕಳ್ಳಿ ಇದೆಯಾ?"

"ಇದೆ ಮೇಡಂ." ಹಸಿರು ಕಡ್ಡಿಯ ತುದಿಗೆ ಕೆಂಪು ಉಂಡೆ ಕಸಿ ಮಾಡಿದ್ದೊಂದನ್ನು ತಂದ.

"ಇದಲ್ಲಪ್ಪ."

"ಅದೇ ಮೇಡಂ ಇದು."

ಫೋನಿನಲ್ಲಿ ಫೋಟೋ ತೋರಿಸಿದೆ. ದೊಡ್ಡದು ಮಾಡಿ, ಚಿಕ್ಕದು ಮಾಡಿ, ಅಡ್ಡ ಹಿಡಿದು ನೋಡಿ ಒಳಗೆ ಹೋದ. ಈ ಸಲ ತಂದದ್ದಕ್ಕೆ ಬಣ್ಣ ಬಳಿದಿತ್ತು, ಬುಡದ ಕಲ್ಲುಗಳನ್ನು ಗೋಂದು ಹಾಕಿ ಅಂಟಿಸಿತ್ತು, ನೆತ್ತಿಯ ಮೇಲೆ ಪಿಂಕ್ ಹೂವು. ಮುಟ್ಟಿದೆ. ಹೂವು ಗೋಂದಿನ ಎಳೆಯ ಸಮೇತ ಕೈಗೆ ಬಂತು.

"ಇದು ಪ್ಲಾಸ್ಟಿಕ್ಕು!"

"ಹೂ ಮಾತ್ರ ಮೇಡಂ. ಗಿಡ ಒರಿಜಿನಲ್."

"ನೋಡಪ್ಪ, ನನಗೆ ಇದು ತಿನ್ನೋಕೆ ಬೇಕು."

ಅವನು ಒಂದು ಹೆಜ್ಜೆ ಹಿಂದೆ ಸರಿದ. ನನಗಲ್ಲ, ಆಮೆಗೆ ಅಂದ ಮೇಲೆ ಮುಖ ಅರಳಿತು. "ಹಂಗ್ ಹೇಳಿ ಮೇಡಂ. ಆಮೆಗೆ ಯಾವ ಕಲರ್ ಕೊಡ್ಲಿ?"

ನಿಜವಾದದ್ದೇ ಸಿಕ್ಕಿದ್ದರೂ ತಂದ ದಿನವೇ ತಿನ್ನಿಸುವ ಹಾಗಿಲ್ಲ. ಮಾರುವ ಗಿಡಕ್ಕೆ ಏನೇನು ಹೊಡೆದಿರುತ್ತಾರೋ ಯಾರಿಗೆ ಗೊತ್ತು. ಮನೆಗೆ ತಂದು, ತಿಂಗಳುಗಟ್ಟಲೆ ಕಾದು, ಹೊಸದಾಗಿ ಚಿಗುರಿದ ಎಲೆಯನ್ನೇ ಕೊಡಬೇಕು.

ನನ್ನ ತವರು ಪಾವಗಡದ ಕಡೆ. ಅಜ್ಜಿ ಚಿಕ್ಕವಳಿದ್ದಾಗ ಅಲ್ಲಿ ಹೊಲದ ಬೇಲಿಯೆಲ್ಲ ಪಾಪಸ್ ಕಳ್ಳಿಯೇ ಅಂತೆ. ಹಣ್ಣನ್ನು ಮರಳಲ್ಲಿ ಉಜ್ಜಿ, ಮುಳ್ಳು ಕಳೆದು, ತಿಂದು, ತುಟಿ ನಾಲಿಗೆ ಕೆಂಪು ಮಾಡಿಕೊಂಡು ಮನೆಗೆ ಬಂದರೆ ಬೈಗುಳ. "ಆಮೇಲೆ ಹುಳ ಬಂತು ಕಣೇ, ಬೇಲಿಗೆ ಬೇಲಿಯೇ ಕರಗಿ ಹೋಯ್ತು" ಅನ್ನುತ್ತಿದ್ದಳು. ಮಕ್ಕಳನ್ನು ಮಲಗಿಸುವ ಕಥೆ ಅಂದುಕೊಂಡಿದ್ದೆ. ಅಜ್ಜಿ ಹೇಳಿದ್ದು ಇತಿಹಾಸ. ಕೆಂಪು ಬಣ್ಣ ಕೊಡುವ ಕೊಚಿನೀಲ್ ಹುಳದ ಆಸೆಗೆ ಬ್ರಿಟಿಷರು 1795ರಲ್ಲಿ ಬ್ರೆಜಿಲ್‌ನಿಂದ ಹುಳ ತರಿಸಿದರು. ಬಂದದ್ದು ಬೇರೆ ಜಾತಿ. ಬಣ್ಣ ಕಳಪೆ, ಆದರೆ ಒಂದು ಬಗೆಯ ಕಳ್ಳಿಯನ್ನು ತಿಂದು ಮುಗಿಸಿತು. ಉಳಿದ ಇನ್ನೊಂದು ಬಗೆಗೆ ಅಂತಲೇ 1926ರಲ್ಲಿ ಸಿಂಹಳದಿಂದ ಮತ್ತೊಂದು ಜಾತಿಯ ಹುಳ ತಂದು ಬಿಟ್ಟರು. ಅದೂ ಕೆಲಸ ಮುಗಿಸಿತು. ಈಗ ಆ ಹೊಲಗಳಿಗೆ ಕಲ್ಲುಕಂಬ, ತಂತಿ. ಅಜ್ಜಿಯೂ ಇಲ್ಲ. ಇದ್ದಿದ್ದರೆ ಆಮೆಗೆ ಕಳ್ಳಿ ಹುಡುಕುವ ಮೊಮ್ಮಗಳನ್ನು ನೋಡಿ ಏನನ್ನುತ್ತಿದ್ದಳೋ.

ಪಾವಗಡದ ಚಿಕ್ಕಮ್ಮ ಕೆರೆ ಏರಿಯ ಮೇಲೆ ಉಳಿದಿದ್ದ ಮೆಳೆಯಿಂದ ಕೆಲವು ಎಲೆ ಕೊಯ್ದು, ಪೇಪರಿನಲ್ಲಿ ಸುತ್ತಿ, ಪರಿಚಯದವರ ಕೈಯಲ್ಲಿ ಕಳಿಸಿದಳು. ನಮ್ಮ ಮನೆಯವರು "ದೊಡ್ಡ ಮುಳ್ಳೆಲ್ಲ ತೆಗೆದಿದ್ದಾರಲ್ಲೇ" ಅಂತ ಬರಿಗೈಯಲ್ಲಿ ಎತ್ತಿಕೊಂಡರು. ಪಾಪಸ್ ಕಳ್ಳಿಯ ಅಸಲು ಮುಳ್ಳು ದೊಡ್ಡದಲ್ಲ. ದೊಡ್ಡ ಮುಳ್ಳಿನ ಬುಡದಲ್ಲಿ ಕಂದು ಚುಕ್ಕೆಯ ಹಾಗೆ ಕಾಣುತ್ತದಲ್ಲ, ಅದೇ. ಒಂದೊಂದು ಚುಕ್ಕೆಯಲ್ಲೂ ಕೂದಲಿಗಿಂತ ಸಣ್ಣ ಮುಳ್ಳಿನ ಗೊಂಚಲು, ತುದಿಯಲ್ಲಿ ಕೊಕ್ಕೆ ಬೇರೆ. ಆ ಸಂಜೆಯೆಲ್ಲ ಅವರು ಲೈಟಿನ ಕೆಳಗೆ ಅಂಗೈ ಚಾಚಿ ಕೂತರು, ನಾನು ಚಿಮಟ ಮತ್ತು ಸೆಲ್ಲೋ ಟೇಪ್ ಹಿಡಿದು ಕೂತೆ. ಒಂದು ಎಲೆಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಮೇಲೆ ಸುಟ್ಟೆ. ಮುಳ್ಳು ಚಟಪಟ ಉರಿದು, ಗೊಜ್ಜಿಗೆ ಬದನೆಕಾಯಿ ಸುಟ್ಟ ಹಾಗೆ ಘಮ್ಮೆಂದಿತು. ರಂಗ ಕತ್ತು ಚಾಚಿದ, ಮೂಸಿದ, ಕಚಕ್ ಅಂತ ಅರ್ಧಚಂದ್ರದಂತೆ ಕಚ್ಚಿದ. ಗಲ್ಲದಿಂದ ಲೋಳೆಯ ದಾರ ಇಳಿಯುತ್ತಿದ್ದರೂ ಕಣ್ಣು ಮಾತ್ರ ಮುಂದಿನ ತುತ್ತಿನ ಮೇಲೆ. ಅಷ್ಟರಲ್ಲಿ ಕೆಳಗಿನಿಂದ ಅಂಕಲ್ ಧ್ವನಿ: "ಏನಮ್ಮಾ, ಬದನೆಕಾಯಿ ಗೊಜ್ಜಾ?"

ಉಳಿದ ಎಲೆಗಳನ್ನು ನೆರಳಲ್ಲಿ ವಾರ ಕಾಲ ಒಣಗಿಸಿ, ಕೊಯ್ದ ಬಾಯಿ ಒಣಗಿದ ಮೇಲೆ ಮರಳು ಬೆರೆಸಿದ ಮಣ್ಣಿನಲ್ಲಿ ಊರಿದೆ. ಬೇರು ಬಿಡುವವರೆಗೆ ನೀರು ಹಾಕಬಾರದು, ಹಾಕಿದರೆ ಕೊಳೆಯುತ್ತದೆ. ಇಷ್ಟು ಸುಲಭದ ಗಿಡ ಇನ್ನೊಂದಿಲ್ಲ. ಏನೂ ಮಾಡದಿದ್ದರೆ ಸಾಕು.

ಏನೂ ಮಾಡದೆ ಇರುವುದು ಅಂಕಲ್‌ಗೆ ಆಗುವುದಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಟೆರೇಸೇ ಅವರ ಬ್ರಾಂಚು. ಬೆಳಗಿನ ಕಾಫಿ ಆದ ತಕ್ಷಣ ಪಂಚೆ ಎತ್ತಿ ಕಟ್ಟಿಕೊಂಡು ಬರುತ್ತಾರೆ. ಅಕ್ಕಿ ತೊಳೆದ ನೀರು, ಹಾಲಿನ ಪ್ಯಾಕೆಟ್ ತೊಳೆದ ನೀರು, ಕಾಫಿ ಚರಟ, ಹುಳಿ ಮಜ್ಜಿಗೆ, ಎಲ್ಲಕ್ಕೂ ಫಲಾನುಭವಿಗಳು ಬೇಕು. ತಮ್ಮ ಕುಂಡ, ಬಾಡಿಗೆಯವರ ಕುಂಡ ಅನ್ನುವ ಭೇದವೇ ಇಲ್ಲ. ಭಾನುವಾರ ಬಂತೆಂದರೆ ಸ್ಪ್ರೇಯರ್ ಬೆನ್ನೇರುತ್ತದೆ. ಗುಲಾಬಿಗೆ ಹೊಡೆದು, ದಾಸವಾಳಕ್ಕೆ ಹೊಡೆದು, ಕರಿಬೇವಿಗೂ ಹೊಡೆದು, ಸಂಜೆ ಅದೇ ಕರಿಬೇವು ಕಿತ್ತು ಪ್ರೀತಿಯಿಂದ ತಂದುಕೊಡುತ್ತಾರೆ. ಇಸಿದುಕೊಂಡು ಬಾಗಿಲು ಹಾಕಿ ಕಸಕ್ಕೆ ಹಾಕುವುದು ನಮ್ಮ ಮನೆಯ ಭಾನುವಾರದ ಪದ್ಧತಿ.

ಮೊದಲು ನೆಟ್ಟ ಕಳ್ಳಿ ಹೋದದ್ದು ಅವರ ದಯೆಯಿಂದಲೇ. "ಪಾಪ, ಒಣಗ್ತಾ ಇತ್ತಮ್ಮ. ನೀನು ಮರೆತಿದ್ದೀಯ ಅಂತ ದಿನಾ ಒಂದು ಚೊಂಬು ಹಾಕ್ತಾ ಇದ್ದೆ." ಎಲೆ ಬುಡದಿಂದ ಕಪ್ಪಾಗಿ, ಮೆತ್ತಗಾಗಿ, ಬಗ್ಗಿ ಮಲಗಿತು. ಮತ್ತೆ ಚಿಕ್ಕಮ್ಮನಿಗೆ ಫೋನು. ಈ ಸಲ ಕುಂಡಕ್ಕೆ ರಟ್ಟು ಕಟ್ಟಿ, ದಪ್ಪ ಅಕ್ಷರದಲ್ಲಿ "ನೀರು ಹಾಕಬೇಡಿ" ಅಂತ ಬರೆದೆ. ಅಂಕಲ್ ಓದಿದರು. ಕನ್ನಡಕ ಹಾಕಿಕೊಂಡು ಮತ್ತೆ ಓದಿದರು. ಸ್ವಲ್ಪ ಬೇಜಾರಾಯಿತು ಅನ್ನಿಸುತ್ತದೆ, ಆದರೆ ಪಾಲಿಸಿದರು. ಗಿಡ ಬೇರು ಬಿಟ್ಟಿತು. ಬೇಸಿಗೆಗೆ ಹೊಸ ಎಲೆ ಚಿಗುರಿ, ಅಂಗೈ ಅಗಲ ಆದವು. ನಿನ್ನೆ ಮೊದಲ ಕೊಯ್ಲು ಅಂದುಕೊಂಡಿದ್ದೆ.

ಮೊನ್ನೆ ಎಲೆಯ ಮೇಲೆ ಹತ್ತಿಯಂಥ ಬಿಳಿ ಚುಕ್ಕೆ ಕಂಡಿತ್ತು. ಉಜ್ಜಿದರೆ ಬೆರಳೆಲ್ಲ ಕೆಂಪು. ಅದೇ ಹುಳ! ಬೇಲಿ ಕರಗಿಸಿದ ವಂಶದ್ದು ಬಸವನಗುಡಿಯ ಟೆರೇಸ್ ಹುಡುಕಿಕೊಂಡು ಬಂದಿದೆ. ಲಿಪ್‌ಸ್ಟಿಕ್‌ಗೆ ಹಾಕುವ ಕಾರ್ಮೈನ್ ಬಣ್ಣವೂ ಇಂಥ ಹುಳದ್ದೇ. ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ ನೀರಲ್ಲಿ ತೊಳೆದಿದ್ದರೆ ಹೋಗುತ್ತಿತ್ತು. ಆದರೆ ನನ್ನ ಕೆಂಪು ಬೆರಳನ್ನು ಅಂಕಲ್ ನೋಡಿಬಿಟ್ಟಿದ್ದರು. "ಅಯ್ಯೋ ರಕ್ತ!" ಅಂದರು. ರಕ್ತ ಅಲ್ಲ ಅಂಕಲ್, ಹುಳ ಅಂದೆ. ಹುಳ ಅನ್ನುವ ಮಾತು ಅವರ ಕಿವಿಗೆ ಬಿತ್ತು, ಅಷ್ಟೇ ಸಾಕಾಯಿತು.

"ಅಂಕಲ್, ಬೋರ್ಡ್ ಹಾಕಿದ್ದೆ ಅಲ್ವಾ?" ಅಂತ ನಿನ್ನೆ ಕೇಳಿದೆ. ಗಂಟಲು ನಡುಗುತ್ತಿತ್ತು.

"ಹೂಂ ಕಣಮ್ಮ. ಒಂದು ತೊಟ್ಟು ನೀರು ಹಾಕಿಲ್ಲ. ಔಷಧಿ ಮಾತ್ರ ಹೊಡೆದೆ."

ಬಾಟಲಿ ಇಸಿದುಕೊಂಡು ಓದಿದೆ. ಗಿಡದ ಒಳಗೇ ಇಳಿದು ಕೆಲಸ ಮಾಡುವ ಬಗೆಯದು. ತೊಳೆದರೂ ಹೋಗುವುದಿಲ್ಲ. ಡಾಕ್ಟರ್ ಇದನ್ನು ಎಸೆಯಿರಿ, ಹೊಸದಾಗಿ ನೆಡಿ ಅಂದರು. ರಂಗನಿಗೆ ಮತ್ತೆ ಗರಿಕೆ. ಹೂವಿನಾಕೆಗೆ ಸಂತೋಷ.

ನನ್ನ ಮುಖ ನೋಡಿ ಅಂಕಲ್‌ಗೂ ನಿದ್ದೆ ಬರಲಿಲ್ಲವಂತೆ. ಹಾಗಂತ ಆಂಟಿ ಹೇಳಿದರು. ಇವತ್ತು ಮಧ್ಯಾಹ್ನ ಸುಡುಬಿಸಿಲಲ್ಲಿ ಸ್ಕೂಟರ್ ತೆಗೆದುಕೊಂಡು ಎಲ್ಲಿಗೋ ಹೋಗಿ ಬಂದರು. ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ, ಒಂದು ಪುಟ್ಟ ಕುಂಡವನ್ನು ನನ್ನ ಕೈಗಿಟ್ಟರು. ಬುಡದಲ್ಲಿ ಅಂಟಿಸಿದ ಕಲ್ಲು, ನೆತ್ತಿಯ ಮೇಲೆ ಪಿಂಕ್ ಹೂವು.

"ನಿನ್ನ ಆಮೆಗೆ ಕಣಮ್ಮ" ಅಂದರು. "ಇದಕ್ಕೆ ನೀರೂ ಬೇಡವಂತೆ, ಔಷಧಿನೂ ಬೇಡವಂತೆ. ಹೂ ಅಂತೂ ಬಾಡೋದೇ ಇಲ್ವಂತೆ."