ನಾನೇನೂ ಹಾಕಿಲ್ಲ

ಕೆಟ್ಟ ಕಂಪ್ಯೂಟರಿನ ಮುಂದೆ ಕೂತವರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: "ಈಚೆಗೆ ಹೊಸದಾಗಿ ಏನಾದ್ರೂ ಹಾಕಿದ್ರಾ?" ಅದಕ್ಕೆ ಸಿಗುವ ಉತ್ತರವೂ ಒಂದೇ: "ಇಲ್ಲಪ್ಪ, ನಾನೇನೂ ಹಾಕಿಲ್ಲ." ಆಗ ವಾದ ಮಾಡಬಾರದು. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರೆ ಸಾಕು. "ಒಂದು ವಿಡಿಯೋ ಓಪನ್ ಆಗ್ತಿರ್ಲಿಲ್ಲ, ಅದಕ್ಕೇನೋ ಪ್ಲೇಯರ್ ಬೇಕು ಅಂತು. ಅದೊಂದೇ ಹಾಕಿದ್ದು." ಮತ್ತೆ ಮೌನ. "ಸ್ಲೋ ಆಗಿತ್ತಲ್ಲ, ಫಾಸ್ಟ್ ಮಾಡೋದೊಂದು ತಾನಾಗೇ ಬಂತು." ಇನ್ನೂ ಸ್ವಲ್ಪ ಕಾದರೆ, "ಹಳೇ ಸ್ಕ್ಯಾನರಿನ ಸಿಡಿ ಸಿಕ್ತು, ಅದನ್ನೂ ಹಾಕಿ ನೋಡಿದೆ." ಏನೂ ಹಾಕದವರ ಪಟ್ಟಿ ಹೀಗೆ ಬೆಳೆಯುತ್ತಾ ಹೋಗುತ್ತದೆ.

ಅವರು ಸುಳ್ಳು ಹೇಳುತ್ತಾರೆ ಅಂತಲ್ಲ. ಸಾಫ್ಟ್‌ವೇರ್ ಹಾಕುವುದು ನೆನಪಲ್ಲಿ ಉಳಿಯುವಂಥ ಕೆಲಸವೇ ಅಲ್ಲ. ನೆಕ್ಸ್ಟ್, ನೆಕ್ಸ್ಟ್, ಐ ಅಗ್ರೀ, ನೆಕ್ಸ್ಟ್, ಫಿನಿಶ್. ಎಲ್ಲ ಬೆರಳಿನ ಕೆಲಸ, ತಲೆಗೆ ಸುದ್ದಿಯೇ ಮುಟ್ಟುವುದಿಲ್ಲ. ನಡುವೆ ಎಲ್ಲೋ ಒಂದು ಪುಟ್ಟ ಚೌಕದಲ್ಲಿ ಮೊದಲೇ ಟಿಕ್ ಹಾಕಿಟ್ಟು, ಇನ್ನೊಂದು ಸಾಫ್ಟ್‌ವೇರನ್ನೂ ಜೊತೆಗೆ ತೂರಿಸಿರುತ್ತಾರೆ. ಇದು ಯಾವ ವಿಂಡೋಸ್‌ಗೆ, 32 ಬಿಟ್ಟಾ 64 ಬಿಟ್ಟಾ ಎಂದು ಹೇಳುವ ಸಾಲು ಕಣ್ಣಿಗೆ ಬಿದ್ದರೂ ಮನಸ್ಸಿಗೆ ಹೋಗುವುದಿಲ್ಲ. ಅದನ್ನು ಓದಿ, ಯೋಚಿಸಿ, "ಇದು ನಮಗೆ ಆಗಿಬರಲ್ಲ" ಎಂದು ಕ್ಯಾನ್ಸಲ್ ಒತ್ತಿದ ಮನುಷ್ಯನನ್ನು ನಾನಂತೂ ಕಂಡಿಲ್ಲ.

ಕೆಟ್ಟಿದ್ದು ಗೊತ್ತಾದ ತಕ್ಷಣ ಎಲ್ಲರಿಗೂ ಒಬ್ಬ ಕಳ್ಳ ಬೇಕು. "ವೈರಸ್ ಬಂದಿರ್ಬೇಕು, ಅಲ್ವಾ?" ಎಂದು ಆಸೆಯಿಂದ ಕೇಳುತ್ತಾರೆ. ವೈರಸ್ ಆದರೆ ಯಾರೂ ಹೊಣೆಯಲ್ಲ, ನೋಡಿ. ಆದರೆ ನನ್ನ ಕೈಗೆ ಬರುವ ಕಂಪ್ಯೂಟರುಗಳಲ್ಲಿ ಕಳ್ಳ ಸಿಗುವುದು ಅಪರೂಪ. ಜಾಸ್ತಿ ಸಿಗುವುದು ಜಗಳ. ಅದರಲ್ಲೂ ಎರಡೂ ಕಡೆಯವರು ಒಳ್ಳೆಯವರೇ ಆಗಿರುವ ಜಗಳ.

ಎರಡು ಆಂಟಿವೈರಸ್ ಒಟ್ಟಿಗೆ ಹಾಕಿಕೊಂಡ ಕಂಪ್ಯೂಟರನ್ನೇ ನೋಡಿ. ಒಂದಕ್ಕಿಂತ ಎರಡು ಇದ್ದರೆ ರಕ್ಷಣೆ ಹೆಚ್ಚು ಎಂಬುದು ಯಾರಿಗಾದರೂ ಹೊಳೆಯುವ ಲೆಕ್ಕವೇ. ಆಂಟಿವೈರಸ್ ಮಾಡುವ ಕೆಲಸ ಏನು? ಯಾವ ಫೈಲ್ ತೆರೆದರೂ ಅದು ಮೊದಲು ತನ್ನ ಕೈ ದಾಟಿ ಹೋಗಬೇಕು ಎಂದು ನಡುವೆ ನಿಲ್ಲುವುದು. ಈಗ ಒಂದೇ ಬಾಗಿಲಿಗೆ ಇಬ್ಬರು ಕಾವಲುಗಾರರು. ಒಬ್ಬ ಚೀಲ ಬಿಚ್ಚಿ ನೋಡಲು ಹೋದರೆ ಇನ್ನೊಬ್ಬ "ಯಾಕಯ್ಯಾ ಚೀಲಕ್ಕೆ ಕೈ ಹಾಕ್ತೀಯಾ" ಎಂದು ಅವನ ಕೊರಳಪಟ್ಟಿ ಹಿಡಿಯುತ್ತಾನೆ. ಇವನೂ ಬಿಡುವುದಿಲ್ಲ. ಚೀಲ ತಂದವನು ಹೊರಗೆ ನಿಂತೇ ಇರುತ್ತಾನೆ. ನೀವು ಒಂದು ಫೋಲ್ಡರ್ ಮೇಲೆ ಕ್ಲಿಕ್ ಮಾಡಿ ಸುತ್ತುವ ಚಕ್ರವನ್ನು ನೋಡುತ್ತಾ ಕೂತಿರುವಾಗ ಒಳಗೆ ನಡೆಯುತ್ತಿರುವುದು ಇದೇ. ಅದಕ್ಕೇ ಈಗಿನ ವಿಂಡೋಸ್‌ನಲ್ಲಿ ಬೇರೆ ಆಂಟಿವೈರಸ್ ಬಂದು ಕೂತರೆ, ಅದರ ಸ್ವಂತ ಆಂಟಿವೈರಸ್ ಆದ ಡಿಫೆಂಡರ್ ಮಾತಿಲ್ಲದೆ ಜಾಗ ಬಿಟ್ಟುಕೊಡುತ್ತದೆ.

ಹೊಂದಿಕೊಂಡು ಹೋಗುವುದಕ್ಕಾಗಿ ವಿಂಡೋಸ್ ಎಷ್ಟೊಂದು ಸುಳ್ಳು ಹೇಳುತ್ತದೆ ಎಂದು ತಿಳಿದ ಮೇಲೆ ನನಗೆ ಅದರ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ವಿಂಡೋಸ್ 7 ಒಳಗಿನ ಲೆಕ್ಕದಲ್ಲಿ 7 ಅಲ್ಲವೇ ಅಲ್ಲ, 6.1. ಅದರ ಹಿಂದಿನ ವಿಸ್ಟಾ 6.0 ಆಗಿತ್ತು. ಮೊದಲ ಅಂಕಿ 6 ಇದ್ದರೆ ಮಾತ್ರ ಓಡುತ್ತೇನೆ ಎಂದು ಹಟ ಹಿಡಿದ ಸಾಫ್ಟ್‌ವೇರ್‌ಗಳಿದ್ದವು. 7 ಎಂದು ನಿಜ ಹೇಳಿದ್ದರೆ ಅವೆಲ್ಲ ಬಾಗಿಲಲ್ಲೇ ನಿಂತುಬಿಡುತ್ತಿದ್ದವು. ವಿಂಡೋಸ್ 11 ಕೂಡ ಒಳಗೆ ಇವತ್ತಿಗೂ 10.0 ಎಂದೇ ಹೇಳಿಕೊಳ್ಳುತ್ತದೆ. ವಯಸ್ಸು ಮುಚ್ಚಿಡುವುದು ಮನುಷ್ಯರ ಗುಣ ಎಂದುಕೊಂಡಿದ್ದೆ. ಇನ್ನು 2001ರ ಎಕ್ಸ್‌ಪಿಯಿಂದ ಬಂದ ಕಂಪ್ಯಾಟಿಬಿಲಿಟಿ ಮೋಡ್ ಇದೆಯಲ್ಲ, ಅದಂತೂ ನಾವೇ ಟಿಕ್ ಹಾಕಿ ಹೇಳಿಸುವ ಸುಳ್ಳು. ಹಳೇ ಸಾಫ್ಟ್‌ವೇರ್‌ನ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಯಾವ ಕಾಲದ ವಿಂಡೋಸ್ ಬೇಕೋ ಆರಿಸಿಕೊಟ್ಟರೆ, ತಾನು ಆ ಕಾಲದಲ್ಲೇ ಇದ್ದೇನೆ ಎಂದು ನಂಬಿ ಅದು ಎಷ್ಟೋ ಸಲ ಸರಿಯಾಗಿ ಓಡುತ್ತದೆ.

ಇದಕ್ಕಿಂತ ಚೆಂದದ್ದು ಸಿಮ್‌ಸಿಟಿ ಎಂಬ ಹಳೇ ಆಟದ ಕಥೆ. ಆ ಆಟದಲ್ಲಿ ಒಂದು ತಪ್ಪಿತ್ತು. ತಾನೇ ಬಿಟ್ಟುಕೊಟ್ಟ ಮೆಮೊರಿಯನ್ನು ಮರುಕ್ಷಣವೇ ಮತ್ತೆ ಓದುತ್ತಿತ್ತು. ಹಿಂದೆ ಆ ಜಾಗವನ್ನು ತಕ್ಷಣ ಕೇಳುವವರು ಯಾರೂ ಇರಲಿಲ್ಲ, ಹಾಗಾಗಿ ನಡೆದುಹೋಗುತ್ತಿತ್ತು. ವಿಂಡೋಸ್ 95 ಬರುವ ಹೊತ್ತಿಗೆ ಅದು ನಡೆಯಲಿಲ್ಲ, ಆಟ ಕುಸಿದು ಬೀಳತೊಡಗಿತು. ತಪ್ಪು ಆಟದ್ದೇ. ಆದರೂ ವಿಂಡೋಸ್ ಬರೆಯುವವರು ಏನು ಮಾಡಿದರು ಗೊತ್ತಾ? ಈಗ ಓಡುತ್ತಿರುವುದು ಸಿಮ್‌ಸಿಟಿಯೇ ಎಂದು ನೋಡಿ, ಹೌದಾದರೆ ಬಿಟ್ಟುಕೊಟ್ಟ ಮೆಮೊರಿಯನ್ನು ಅವಸರದಲ್ಲಿ ಕಿತ್ತುಕೊಳ್ಳಬೇಡ ಎಂದು ಬರೆದು ಸೇರಿಸಿದರು. ಕೊಂಡವರು "ಆಟ ಕೆಟ್ಟಿದೆ" ಎನ್ನುವುದಿಲ್ಲ, "ಹೊಸ ವಿಂಡೋಸ್ ಸರಿ ಇಲ್ಲ" ಎನ್ನುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆಟ ಕುಸಿದರೆ ಆಟ ಮಾತ್ರ ಹೋಗುತ್ತದೆ. ಅದನ್ನು ಮುಚ್ಚಿ ಮತ್ತೆ ತೆರೆದರಾಯಿತು. ಇಡೀ ಕಂಪ್ಯೂಟರನ್ನೇ ಮಲಗಿಸುವ ಶಕ್ತಿ ಇರುವುದು ಡ್ರೈವರ್‌ಗಳಿಗೆ, ಅಂದರೆ ಸಾಮಾನ್ಯವಾಗಿ ಒಂದೊಂದು ಸಾಧನವನ್ನು ವಿಂಡೋಸ್ ಜೊತೆ ಮಾತಾಡಿಸುವ ಪುಟ್ಟ ಸಾಫ್ಟ್‌ವೇರ್‌ಗಳಿಗೆ. ಪ್ರಿಂಟರು, ಸ್ಕ್ಯಾನರು, ಗ್ರಾಫಿಕ್ಸ್ ಕಾರ್ಡು, ಆಂಟಿವೈರಸ್ಸು, ಇವೆಲ್ಲದರ ಜೊತೆ ಬರುವ ಡ್ರೈವರ್‌ಗಳಲ್ಲಿ ಬಹಳಷ್ಟು ಕರ್ನಲ್‌ನಲ್ಲಿ, ಅಂದರೆ ವಿಂಡೋಸ್‌ನ ತೀರಾ ಒಳಮನೆಯಲ್ಲಿ ಕೆಲಸ ಮಾಡುತ್ತವೆ. ಅಲ್ಲಿ ಯಾರಾದರೂ ಎಡವಿದರೆ ವಿಂಡೋಸ್ ಮುಂದೆ ಹೋಗುವುದೇ ಇಲ್ಲ. ಹೋದರೆ ನಿಮ್ಮ ಫೈಲುಗಳು ಹಾಳಾದಾವು ಎಂಬ ಭಯಕ್ಕೆ ನಿಂತುಬಿಡುತ್ತದೆ. ನಾವು ಬೈಯುವ ಬ್ಲೂ ಸ್ಕ್ರೀನ್ ಅದೇ. 2012ರ ವಿಂಡೋಸ್ 8ರಿಂದ ಅದಕ್ಕೊಂದು ಸಪ್ಪೆ ಮುಖವನ್ನೂ ಅಂಟಿಸಿದ್ದರು. 2025ರಲ್ಲಿ ವಿಂಡೋಸ್ 11ಕ್ಕೆ ಆ ಮುಖ ತೆಗೆದು, ನೀಲಿಯನ್ನು ಕಪ್ಪು ಮಾಡಿದರು. ಮುಖ ಹೋಗಿದ್ದು ಒಳ್ಳೆಯದೇ ಆಯಿತು. ಕೆಲಸ ಕೆಟ್ಟಾಗ ಸಾಂತ್ವನ ಹೇಳುವ ಯಂತ್ರ ನೋಡಿದರೆ ಇನ್ನೂ ಮೈ ಉರಿಯುತ್ತದೆ.

ಎದುರಿಗೆ ಕೂತು ರಿಪೇರಿ ಮಾಡುವುದು ಸುಲಭ. ಫೋನಿನಲ್ಲಿ ಮಾಡಿಸುವುದಿದೆಯಲ್ಲ, ಅದು ಬೇರೆಯೇ ವಿದ್ಯೆ.

"ಸ್ಕ್ರೀನ್ ಮೇಲೆ ಏನಿದೆ ಚಿಕ್ಕಪ್ಪ?"

"ನೀಲಿ ಇದೆ. ಒಂದು ಅಳೋ ಮುಖ ಇದೆ."

"ಕೆಳಗಡೆ ಏನು ಬರೆದಿದೆ, ಓದಿ."

"ಏನೋ ಇಂಗ್ಲಿಷು. ತಾಳು, ಕನ್ನಡಕ... ಅಯ್ಯೋ, ಹೋಯ್ತು."

"ಏನು ಹೋಯ್ತು?"

"ಸ್ಕ್ರೀನು ಕಣೋ. ಮತ್ತೆ ಬಂತು. ಈಗ ಮತ್ತೆ ಹೋಯ್ತು."

ಕನ್ನಡಕ ಸಿಕ್ಕಿದ ಮೇಲೆ ಅವರು ಒಂದೊಂದೇ ಪದ ಬಿಡಿಸಿ ಓದಿದರು: ಡ್ರೈವರ್, ಐಆರ್‌ಕ್ಯೂಎಲ್, ನಾಟ್ ಲೆಸ್ ಆರ್ ಈಕ್ವಲ್. ಯಾವುದೋ ಡ್ರೈವರ್ ಮುಟ್ಟಬಾರದ ಹೊತ್ತಿನಲ್ಲಿ ಮುಟ್ಟಬಾರದ ಮೆಮೊರಿಗೆ ಕೈ ಹಾಕಿದೆ ಎಂದು ಅದರ ತಾತ್ಪರ್ಯ. "ಹಾಗಂತ ನೇರವಾಗಿ ಬರೆಯೋಕೆ ಏನು ರೋಗ ಅವರಿಗೆ?" ಎಂದರು ಚಿಕ್ಕಪ್ಪ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಸೇಫ್ ಮೋಡ್‌ಗೆ, ಅಂದರೆ ಬೇಕೇ ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡು ವಿಂಡೋಸ್ ಶುರುವಾಗುವ ಸ್ಥಿತಿಗೆ, ಹೋಗಬೇಕು. ಒಂದು ಕಾಲದಲ್ಲಿ ಇದಕ್ಕೆ ಎಫ್8 ಒತ್ತಿದರೆ ಸಾಕಿತ್ತು. ವಿಂಡೋಸ್ 8 ಎಷ್ಟು ಬೇಗ ಶುರುವಾಗತೊಡಗಿತೆಂದರೆ, ಎಫ್8 ಒತ್ತಲು ಸಿಗುತ್ತಿದ್ದ ಸಮಯ 200 ಮಿಲಿಸೆಕೆಂಡ್‌ಗಿಂತ ಕಡಿಮೆ ಎಂದು ಮೈಕ್ರೋಸಾಫ್ಟಿನವರೇ ಹೇಳಿಕೊಂಡರು. ಸೆಕೆಂಡಿನ ಐದನೇ ಒಂದು ಭಾಗವೂ ಇಲ್ಲ. ಚಿಕ್ಕಪ್ಪ ಬಿಡಿ, ನುರಿತ ತಬಲಾ ವಾದಕರಿಗೂ ಕಷ್ಟ. ಹಾಗಾಗಿ ಈಗ ಇರುವ ದಾರಿ ಕೊಂಚ ಒರಟು. ಶುರುವಾಗುತ್ತಿರುವ ಕಂಪ್ಯೂಟರನ್ನು ಪವರ್ ಬಟನ್ ಹಿಡಿದು ಆರಿಸಬೇಕು. ಎರಡು ಮೂರು ಸಲ ಹೀಗೆ ಕುತ್ತಿಗೆ ಹಿಸುಕಿದರೆ ವಿಂಡೋಸ್ ತಾನೇ ಗಾಬರಿಬಿದ್ದು ರಿಪೇರಿಯ ಪರದೆ ತೋರಿಸುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಆಮೇಲೆ 4 ಒತ್ತಬೇಕು. ಬೇಕೆಂದೇ ಕರೆಂಟ್ ಕಿತ್ತ ಹಾಗೆ ಮಾಡಿ ಎಂದು ದೊಡ್ಡವರಿಗೆ ಹೇಳುವಾಗ ಅವರ ದನಿಯಲ್ಲಿ ಕೇಳುವ ಅನುಮಾನ ಇದೆಯಲ್ಲ, ಅದನ್ನು ಬರೆದು ತೋರಿಸಲಾಗದು.

ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಅಡ್ಡ ಬರುತ್ತದೆ. ಡಿಸ್ಕಿಗೆ ಬೀಗ ಹಾಕಿದೆ, 48 ಅಂಕಿಗಳ ರಿಕವರಿ ಕೀ ಕೊಡಿ ಎನ್ನುತ್ತದೆ. ಆ ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತದೆ. ಆ ಅಕೌಂಟಿನ ಪಾಸ್‌ವರ್ಡ್ ಈಗ ತೆರೆಯದ ಇದೇ ಲ್ಯಾಪ್‌ಟಾಪ್‌ನಲ್ಲಿ ಸೇವ್ ಆಗಿರುತ್ತದೆ. ಇದರ ಬಗ್ಗೆ ಜಾಸ್ತಿ ಹೇಳಲು ಮನಸ್ಸಿಲ್ಲ.

ಸೇಫ್ ಮೋಡ್ ನನಗೆ ತುಂಬಾ ಇಷ್ಟ. ಕಪ್ಪು ಪರದೆ, ನಾಲ್ಕು ಮೂಲೆಯಲ್ಲೂ ಸೇಫ್ ಮೋಡ್, ಸೇಫ್ ಮೋಡ್ ಎಂದು ಬರೆದಿರುತ್ತದೆ. ಐಕಾನ್‌ಗಳೆಲ್ಲ ಊದಿಕೊಂಡಂತೆ ದಪ್ಪ ದಪ್ಪ. ವಾಲ್‌ಪೇಪರ್ ಇಲ್ಲ, ಸದ್ದಿಲ್ಲ, ಮೂಲೆಯಿಂದ ಇಣುಕಿ ಅಪ್‌ಡೇಟ್ ಮಾಡಿ ಎನ್ನುವವರಿಲ್ಲ. ಬದುಕಲು ಬೇಕೇ ಬೇಕಾದ ಡ್ರೈವರ್‌ಗಳನ್ನು ಬಿಟ್ಟು ಉಳಿದವರನ್ನೆಲ್ಲ ವಿಂಡೋಸ್ ಹೊರಗೆ ನಿಲ್ಲಿಸಿರುತ್ತದೆ. ಇಲ್ಲಿ ಕಂಪ್ಯೂಟರ್ ಸರಿಯಾಗಿ ನಡೆದರೆ ತಪ್ಪು ಹೊರಗೆ ನಿಂತವರಲ್ಲಿ ಒಬ್ಬರದ್ದು ಎಂದು ಬಹುಮಟ್ಟಿಗೆ ಖಚಿತ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ಸಾಫ್ಟ್‌ವೇರ್‌ನ ಒಂದು ಕೆಟ್ಟ ಅಪ್‌ಡೇಟ್ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿತಲ್ಲ, ಆಗಲೂ ಎಷ್ಟೋ ಕಡೆ ಸಿಬ್ಬಂದಿ ಒಂದೊಂದೇ ಯಂತ್ರದ ಮುಂದೆ ಕೂತು ಸೇಫ್ ಮೋಡ್‌ಗೆ ಹೋಗಿ ಆ ಒಂದು ಫೈಲನ್ನು ಕೈಯಾರೆ ಅಳಿಸಬೇಕಾಯಿತು. ವಿಮಾನಗಳು ನಿಂತಿದ್ದವು, ಮದ್ದು ಮಾತ್ರ ಚಿಕ್ಕಪ್ಪನಿಗೆ ಹೇಳಿದ್ದೇ. ಕೆಲವು ಯಂತ್ರಗಳಿಗೆ ಸುಮ್ನೆ ರೀಸ್ಟಾರ್ಟ್ ಮಾಡುತ್ತಾ ಇರಿ, 15 ಸಲ ಬೇಕಾದರೂ ಆಗಬಹುದು ಎಂದು ಮೈಕ್ರೋಸಾಫ್ಟ್ ಅಧಿಕೃತವಾಗಿಯೇ ಹೇಳಿತ್ತು. "ಒಂದ್ಸಲ ಆಫ್ ಮಾಡಿ ಆನ್ ಮಾಡಿ" ಎನ್ನುವವರನ್ನು ನಗೆಯಾಡಿದವರು ಅದನ್ನು ಓದಿಕೊಳ್ಳಬೇಕು.

ತಪ್ಪಿತಸ್ಥ ಸಿಕ್ಕಮೇಲೆ ಕಳಿಸಿಕೊಡುವುದು ಇನ್ನೊಂದು ಪ್ರಹಸನ. ಬರುವಾಗ ಫಿನಿಶ್ ಒತ್ತಿಸಿಕೊಂಡು ಮಿಂಚಿನಂತೆ ಬಂದ ಸಾಫ್ಟ್‌ವೇರ್ ಹೋಗುವಾಗ ನೂರು ಮಾತಾಡುತ್ತದೆ. ನಿಜವಾಗ್ಲೂ ತೆಗೀಬೇಕಾ? ಯಾಕೆ ತೆಗೀತಿದ್ದೀರಿ, ಕಾರಣ ಆರಿಸಿ. ತೆಗೆಯುವ ಬಟನ್ ಬೂದು ಬಣ್ಣದಲ್ಲಿ ಸಣ್ಣಗೆ, ಇಟ್ಟುಕೊಳ್ಳುವ ಬಟನ್ ದೊಡ್ಡದಾಗಿ ಹೊಳೆಯುತ್ತಾ ಇರುತ್ತದೆ. ಅಷ್ಟಾಗಿಯೂ ಹೋದದ್ದು ಪೂರ್ತಿ ಹೋಗುವುದಿಲ್ಲ. ಪ್ರೋಗ್ರಾಮ್ ಹೋಗಿರುತ್ತದೆ, ಅದರ ಡ್ರೈವರ್ ಉಳಿದಿರುತ್ತದೆ. ಡ್ರೈವರ್ ತೆಗೆದರೆ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಕಡತದಲ್ಲಿ, ಹೆಸರು ಉಳಿದಿರುತ್ತದೆ. ರೀಸ್ಟಾರ್ಟ್ ಮಾಡಿದರೆ ಯಾವುದೋ ಸರ್ವೀಸ್ ಮತ್ತೆ ತಲೆ ಎತ್ತುತ್ತದೆ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲಿ. ಆಂಟಿವೈರಸ್ ಕಂಪನಿಗಳಂತೂ ತಮ್ಮ ಸಾಫ್ಟ್‌ವೇರ್ ತೆಗೆಯುವುದಕ್ಕೆಂದೇ ಪ್ರತ್ಯೇಕ ಸಾಫ್ಟ್‌ವೇರ್ ಕೊಡುತ್ತವೆ.

ಇಷ್ಟೆಲ್ಲ ಬೇಡ ಎನ್ನುವವರಿಗೆ ಸಿಸ್ಟಮ್ ರಿಸ್ಟೋರ್ ಇದೆ. 2000ರಲ್ಲಿ ಬಂದ ವಿಂಡೋಸ್ ಎಂಇ ಬಗ್ಗೆ ಯಾರೂ ಒಳ್ಳೆಯ ಮಾತಾಡುವುದಿಲ್ಲ, ಆದರೆ ಇದನ್ನು ಕೊಟ್ಟಿದ್ದು ಅದೇ. ಫೈಲು, ಫೋಟೋಗಳನ್ನು ಮುಟ್ಟದೆ, ಸಿಸ್ಟಮ್ಮಿನ ಭಾಗವನ್ನು ಮಾತ್ರ ಹಿಂದಿನ ಒಂದು ದಿನಕ್ಕೆ ಒಯ್ಯುತ್ತದೆ. ಬಹಳಷ್ಟು ಯಂತ್ರಗಳಲ್ಲಿ ಅದು ಆಫ್ ಆಗಿಯೇ ಇರುತ್ತದೆ, ಮತ್ತು ಹಾಗೆ ಇರುವುದು ಗೊತ್ತಾಗುವುದು ಬೇಕಾದ ದಿನವೇ. ಆಗ ಪಕ್ಕದಲ್ಲಿ ನಿಂತವರೊಬ್ಬರು "ಫಾರ್ಮ್ಯಾಟ್ ಮಾಡ್ಬಿಡಿ, ತಲೆನೋವೇ ಇರಲ್ಲ" ಎನ್ನುತ್ತಾರೆ. ಇಂಥ ಸಲಹೆ ಕೊಡುವವರ ಕಂಪ್ಯೂಟರ್ ಅದಾಗಿರುವುದಿಲ್ಲ.

ಚಿಕ್ಕಪ್ಪನದ್ದು ಅಲ್ಲಿಯವರೆಗೆ ಹೋಗಲಿಲ್ಲ. ಕಾರಣ ಹಳೇ ಸ್ಕ್ಯಾನರಿನ ಡ್ರೈವರ್. ತೆಗೆದ ಮೇಲೆ ಎಲ್ಲ ಮೊದಲಿನಂತಾಯಿತು. "ಆದ್ರೆ ಸ್ಕ್ಯಾನರ್ ಬೇಕಲ್ಲೋ," ಎಂದರು. ಹಳೇ ಸಾಫ್ಟ್‌ವೇರ್ ಬಿಟ್ಟು ಬದುಕಲಾರೆ ಎನ್ನುವವರಿಗೂ ದಾರಿ ಇದೆ: ವರ್ಚುವಲ್ ಮೆಷಿನ್. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸಿ, ಅದಕ್ಕೆ ಹಳೇ ವಿಂಡೋಸ್ ಹಾಕಿ, ಹಳೇ ಸಾಮಾನೆಲ್ಲ ಅಲ್ಲಿಗೆ ತುಂಬುವುದು. ಒಳಗಿನದು ಕೆಟ್ಟರೆ ಅಳಿಸಿ ಇನ್ನೊಂದು ಮಾಡಿಕೊಂಡರಾಯಿತು. ಇದನ್ನು ವಿವರಿಸಿದೆ. ಅವರು ಗಮನವಿಟ್ಟು ಕೇಳಿ, "ಸರಿ, ಅದಕ್ಕೆ ಏನು ಡೌನ್‌ಲೋಡ್ ಮಾಡ್ಬೇಕು?" ಎಂದರು.

ವರ್ಚುವಲ್ ಮೆಷಿನ್ ಓಡಿಸುವ ಅಂಥ ಸಾಫ್ಟ್‌ವೇರ್‌ಗಳು, ಅದೇ ಕೆಲಸ ಮಾಡುವ ವಿಂಡೋಸ್‌ನ ಸ್ವಂತ ಹೈಪರ್-ವಿ ಜೊತೆ ಬಹಳ ವರ್ಷ ಹೊಂದಿಕೊಳ್ಳುತ್ತಲೇ ಇರಲಿಲ್ಲ. ಪ್ರೊಸೆಸರಿನ ಅದೇ ಒಂದು ಸೌಲಭ್ಯ ಇಬ್ಬರಿಗೂ ಬೇಕು. ಅದನ್ನು ಆಗ ಹೇಳಲು ಹೋಗಲಿಲ್ಲ.