ಒಂದು ಮಗುವಿಗೆ ಒಂದು ಕಾಲಂ

ಎಲ್ಲ ಮಕ್ಕಳೂ ಒಂದೇ ಥರ ಕಲಿಯುವುದಿಲ್ಲ. ಇದು ಸರ್ಕಾರಕ್ಕೆ ಗೊತ್ತಾಗಿದೆ. ಗೊತ್ತಾದ ಮೇಲೆ ಸುಮ್ನಿರಲು ಆಗುತ್ತದೆಯೇ? ಮೇಷ್ಟ್ರುಗಳಿಗೂ ತಿಳಿಸಬೇಕಲ್ಲ. ಅದಕ್ಕೇ ಬಿಆರ್‌ಸಿ, ಅಂದರೆ ಬ್ಲಾಕ್ ಸಂಪನ್ಮೂಲ ಕೇಂದ್ರದ ಸಭಾಂಗಣದಲ್ಲಿ ವೈಯಕ್ತೀಕೃತ ಕಲಿಕೆಯ ತರಬೇತಿ. ಒಂದನೇ ಕ್ಲಾಸಿನ ಟೀಚರ್, ಪಿಟಿ ಮೇಷ್ಟ್ರು, ಸದ್ಯದಲ್ಲೇ ನಿವೃತ್ತಿಯಾಗುವ ಹೆಡ್‌ಮಾಸ್ಟರು, ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಒಂದೇ ಪಿಪಿಟಿ ನೋಡುತ್ತಾರೆ. ಸಂಪನ್ಮೂಲ ವ್ಯಕ್ತಿಗಳು ಸ್ಲೈಡಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಓದುತ್ತಾರೆ. "ಪ್ರತಿ ಮಗುವೂ ವಿಭಿನ್ನ" ಎಂಬ ಸ್ಲೈಡ್ ಬಂದಾಗ ಎಲ್ಲರೂ ಒಟ್ಟಿಗೆ ಬರೆದುಕೊಳ್ಳಬೇಕು. ಹಿಂದಿನ ಬೆಂಚಿನವರು ಬರೆದುಕೊಳ್ಳುವುದಿಲ್ಲ, ಫೋಟೋ ಹೊಡೆದುಕೊಳ್ಳುತ್ತಾರೆ. ಇಡೀ ದಿನದಲ್ಲಿ ಕಾಣಸಿಗುವ ಕಲಿಕೆಯ ವೈವಿಧ್ಯ ಅಷ್ಟೇ.

ಊಟಕ್ಕೆ ಮುಂಚಿನ ಅವಧಿಯಲ್ಲಿ ಬೆಂಜಮಿನ್ ಬ್ಲೂಮ್ ಬರುತ್ತಾರೆ. ಅಮೆರಿಕದ ಈ ವಿದ್ವಾಂಸರು 1984ರಲ್ಲಿ ಒಂದು ಲೇಖನ ಬರೆದರು. ಒಬ್ಬರೇ ಮೇಷ್ಟ್ರು ಒಂದೇ ಮಗುವಿಗೆ ಹೇಳಿಕೊಟ್ಟರೆ, ಸಾಧಾರಣ ಮಗುವೂ ಮಾಮೂಲಿ ಕ್ಲಾಸಿನ ನೂರಕ್ಕೆ 98 ಮಕ್ಕಳನ್ನು ಹಿಂದೆ ಹಾಕುತ್ತದೆ ಎಂದರು. ಆದರೆ ಅಷ್ಟೊಂದು ಮೇಷ್ಟ್ರುಗಳನ್ನು ಎಲ್ಲಿಂದ ತರೋದು ಎಂದು ಅವರೇ ತಲೆಕೆಡಿಸಿಕೊಂಡರು. ನಾವು ತಲೆಕೆಡಿಸಿಕೊಳ್ಳಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ, ಒಂದರಿಂದ ಐದನೇ ಕ್ಲಾಸಿನವರೆಗೆ 60 ಮಕ್ಕಳಿರುವ ಶಾಲೆಗೆ ಇಬ್ಬರು ಶಿಕ್ಷಕರಿರಬೇಕು ಎನ್ನುತ್ತದೆ. ಆದರೂ ಏಕೋಪಾಧ್ಯಾಯ ಶಾಲೆಗಳಿಗೆ ನಮ್ಮಲ್ಲಿ ಬರವಿಲ್ಲ. ಬ್ಲೂಮ್ ಕೇಳಿದ್ದು ಒಂದು ಮಗುವಿಗೆ ಒಬ್ಬ ಮೇಷ್ಟ್ರು. ನಾವು ಒಂದು ಶಾಲೆಗೆ ಒಬ್ಬ ಮೇಷ್ಟ್ರು ಅನ್ನುವಲ್ಲಿಗೆ ಬಂದಿದ್ದೇವೆ. ಒಬ್ಬ ಅನ್ನುವ ಭಾಗ ಸರಿಯಾಗಿಯೇ ಇದೆ.

ಸಭಾಂಗಣದಲ್ಲಿ ಕೂದಲು ನೆರೆತ ಟೀಚರ್ ಒಬ್ಬರಾದರೂ ಇದ್ದೇ ಇರುತ್ತಾರೆ. ಅವರಿಗೆ ಒಳಗೊಳಗೇ ನಗು. ಏಕೆಂದರೆ ಈ ಸ್ಲೈಡುಗಳಲ್ಲಿ ಇರುವುದನ್ನು ಎಚ್.ಡಿ. ಕೋಟೆಯ ಮೇಷ್ಟ್ರುಗಳು 1995ರಲ್ಲೇ ಮಾಡಿ ತೋರಿಸಿದ್ದರು. ಆಂಧ್ರದ ರಿಷಿ ವ್ಯಾಲಿ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ ಶುರು ಮಾಡಿದ ನಲಿಕಲಿ ಅದು. ಗೋಡೆಯ ಮೇಲೆ ಕಲಿಕಾ ಏಣಿ. ಮಗು ತಾನೇ ಏಣಿ ನೋಡಿ ತನ್ನ ಕಾರ್ಡು ಹುಡುಕಿ ತರುತ್ತದೆ. ಜಾತ್ರೆಗೆಂದು ಅಜ್ಜಿ ಊರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದರೂ ಚಿಂತೆಯಿಲ್ಲ, ನಿಂತ ಮೆಟ್ಟಿಲಿನಿಂದಲೇ ಮುಂದಕ್ಕೆ. ಮಕ್ಕಳು ಕೂರುವುದು ತಟ್ಟೆಗಳಲ್ಲಿ, ಅಂದರೆ ಗುಂಪುಗಳಲ್ಲಿ. ಟೀಚರ್ ನೆರವು ಪೂರ್ತಿ ಬೇಕಾದವರು ಒಂದು ತಟ್ಟೆ, ಸ್ವಲ್ಪ ಸಾಕು ಅನ್ನುವವರು ಇನ್ನೊಂದು. ಗೆಳೆಯರ ಜೊತೆ ಕಲಿಯುವವರು ಬೇರೆ ಕಡೆ. ಕೊನೆಗೆ ಸ್ವಕಲಿಕೆ ತಟ್ಟೆ, ಅಂದರೆ ಒಬ್ಬರೇ ಮಾಡಿಕೊಳ್ಳುವವರು. ತಲೆ ಮೇಲೆ ಚಪ್ಪರ, ಅದರ ದಾರಕ್ಕೆ ಮಕ್ಕಳು ಬಿಡಿಸಿದ ಚಿತ್ರಗಳು. ನಾಲ್ಕು ಗೋಡೆಗೂ ಮಗುವಿಗೆ ಎಟುಕುವ ಎತ್ತರದಲ್ಲಿ ಕಪ್ಪು ಹಲಗೆ. ಮಗುವಿನ ಎತ್ತರ ಎಷ್ಟು ಅಂತ ಯೋಚಿಸಿ ಮಾಡಿದ ಇನ್ನೊಂದು ಸರ್ಕಾರಿ ವಸ್ತು ನನಗಂತೂ ನೆನಪಾಗುವುದಿಲ್ಲ.

2009-10ರಲ್ಲಿ ಅದು ಇಡೀ ರಾಜ್ಯದ ಕನ್ನಡ ಶಾಲೆಗಳಿಗೆ ಬಂತು. ಬಂದ ಮೇಲೆ ಏನಾಗುತ್ತದೆ ಅಂತ ನಿಮಗೂ ಗೊತ್ತು. ಮಗು ತನ್ನ ವೇಗದಲ್ಲಿ ಕಲಿಯಲಿ, ಸಂತೋಷ. ಆದರೆ ಜುಲೈ ಮುಗಿಯುವುದರೊಳಗೆ ಎಷ್ಟನೇ ಮೈಲಿಗಲ್ಲಿಗೆ ಬಂದಿದೆ? ತಪಾಸಣೆಗೆ ಬಂದವರು ಮೊದಲು ಕೇಳುವುದು ಇದನ್ನೇ.

ಈಗಿನ ಹೊಸ ವೈಯಕ್ತೀಕರಣ ಇರುವುದು ಫೋನಿನಲ್ಲಿ. ಒಂದೊಂದು ಮಗುವಿಗೂ ಒಂದೊಂದು ಸಾಲು, ಒಂದೊಂದು ಕಲಿಕಾ ಫಲಕ್ಕೂ ಒಂದೊಂದು ಕಾಲಂ. ಮಕ್ಕಳ ವಿವರದ ರಾಜ್ಯದ ಜಾಲತಾಣ ಸ್ಯಾಟ್ಸ್‌ನಲ್ಲಿ ಒಂದು ಸಲ ತುಂಬಬೇಕು. ಕೇಂದ್ರದ ಯುಡೈಸ್‌ನಲ್ಲಿ ಬೇರೆ ತುಂಬಬೇಕು. ಅದರ ಮೇಲೆ ಸುತ್ತಲಿನ ಶಾಲೆಗಳ ಕ್ಲಸ್ಟರ್ ನೋಡಿಕೊಳ್ಳುವ ಸಿಆರ್‌ಪಿ ಕಳಿಸಿದ ಗೂಗಲ್ ಶೀಟ್ ಇರುತ್ತದೆ. ಅಪಾರ್ ಎಂಬ ವಿದ್ಯಾರ್ಥಿ ಐಡಿ ಬಂದ ಮೇಲೆ ಪ್ರತಿ ಮಗುವಿಗೂ 12 ಅಂಕಿಯ ಸ್ವಂತ ಗುರುತು. ಅದು ಹುಟ್ಟಬೇಕಾದರೆ ಶಾಲೆಯ ದಾಖಲೆಯ ಹೆಸರೂ ಆಧಾರ್ ಹೆಸರೂ ಹೊಂದಬೇಕು. ಶಾಲೆಯಲ್ಲಿ "ಮಂಜುನಾಥ", ಆಧಾರ್‌ನಲ್ಲಿ "ಮಂಜುನಾಥ ಎಂ". ಈ ಒಂದು ಎಂ ಹಿಂದೆ ಟೀಚರ್ ಸೇವಾ ಕೇಂದ್ರಕ್ಕೆ ಅಲೆಯುವ ಹೊತ್ತಿನಲ್ಲಿ, ಮಂಜುನಾಥನಿಗೆ ಕಳೆಯುವ ಲೆಕ್ಕದಲ್ಲಿ ದಶಕ ಪಡೆಯೋದು ಬರಲ್ಲ ಅನ್ನುವುದು ಆಮೇಲಿನ ವಿಷಯ.

ಸಿಆರ್‌ಪಿ ಫೋನು ಬರುತ್ತದೆ.

"ಮೇಡಂ, ನಿಮ್ ಶಾಲೆದು ಇನ್ನೂ ಕೆಂಪು ತೋರಿಸ್ತಾ ಇದೆ."

"ಸರ್, ಎಂಟ್ರಿ ಮಾಡ್ತಾ ಕೂತ್ರೆ ಪಾಠ ಯಾವಾಗ ಮಾಡ್ಲಿ?"

"ಪಾಠ ನಾಳೆ ಮಾಡಿ ಮೇಡಂ. ಲಿಂಕ್ ಇವತ್ತು ಸಂಜೆನೇ ಕ್ಲೋಸ್ ಆಗುತ್ತೆ."

ಪಾಪ, ಸಿಆರ್‌ಪಿಯದೂ ತಪ್ಪಲ್ಲ. ಅವರೂ ಮೇಷ್ಟ್ರೇ. ಅವರ ಕ್ಲಸ್ಟರ್ ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ ಪರದೆಯಲ್ಲಿ ಕೆಂಪು, ತಾಲ್ಲೂಕು ಜಿಲ್ಲೆಯ ಪರದೆಯಲ್ಲಿ ಕೆಂಪು. ಮಗುವಿಗೆ ಓದಲು ಬರುತ್ತದೋ ಇಲ್ಲವೋ ಅನ್ನುವುದಕ್ಕೆ ಬಣ್ಣವಿಲ್ಲ. ತುಂಬಿದ ಕಾಲಮ್ಮಿಗೆ ಮಾತ್ರ ಹಸಿರು. ಟೀಚರೂ ಕಡಿಮೆಯಿಲ್ಲ. ಲಿಂಕ್ ಮುಚ್ಚಲು ಹತ್ತು ನಿಮಿಷ ಇರುವಾಗ ಮೊದಲ ಮಗುವಿಗೆ ಹಾಕಿದ್ದನ್ನೇ ಕೆಳಗಿನವರೆಗೂ ಎಳೆದುಬಿಡುತ್ತಾರೆ. ಇಡೀ ಕ್ಲಾಸಿನ ಮಕ್ಕಳೆಲ್ಲ ಒಂದೇ ವೇಗದಲ್ಲಿ ಕಲಿತಿರುವುದು ಆ ಶೀಟಿನಲ್ಲಿ ಮಾತ್ರ.

ನನ್ನನ್ನು ಕೇಳಿದರೆ, ಮಗುವಿನ ಇಷ್ಟವನ್ನು ನಿಜವಾಗಿ ಕೇಳುವ ಯೋಜನೆ ನಮ್ಮಲ್ಲಿ ಒಂದಿದೆ. ಅದು ಮೊಟ್ಟೆ. ತಿನ್ನುವವರಿಗೆ ಮೊಟ್ಟೆ, ಬೇಡ ಅನ್ನುವವರಿಗೆ ಬಾಳೆಹಣ್ಣು. ಯಾರಿಗೆ ಯಾವುದು ಅಂತ ಟೀಚರ್ ಬಾಯಿಪಾಠವಾಗಿ ಹೇಳುತ್ತಾರೆ. ಅಪ್ಪ ಮಾಲೆ ಹಾಕಿದ್ದಾರೆ ಅಂತ ಈ ತಿಂಗಳು ಬಾಳೆಹಣ್ಣಿಗೆ ಬಂದವರು ಯಾರು, ಮನೆಯಲ್ಲಿ ಹೇಳಬೇಡಿ ಮಿಸ್ ಅಂತ ಮೊಟ್ಟೆಗೆ ಕೈ ಚಾಚುವವರು ಯಾರು, ಎಲ್ಲ ಗೊತ್ತು. ಇದಕ್ಕೆ ಯಾವ ಪಿಪಿಟಿಯೂ ಬೇಕಾಗಲಿಲ್ಲ. ಸಿಪ್ಪೆ ಸುಲಿಯಲು ಒಂದು ಮೊಟ್ಟೆಗೆ 30 ಪೈಸೆ ಅಂತ ಸರ್ಕಾರ ಲೆಕ್ಕವನ್ನೂ ಕಟ್ಟಿದೆ. ಒಂದು ಮಗುವಿನ ಪಕ್ಕದಲ್ಲಿ ಹತ್ತು ನಿಮಿಷ ಕೂತು ಓದಿಸಿದರೆ ಎಷ್ಟು ಪೈಸೆ ಅಂತ ಮಾತ್ರ ಯಾರೂ ಲೆಕ್ಕ ಹಾಕಿಲ್ಲ. ಅದು ಖರ್ಚಿನ ಬಾಬ್ತಿನಲ್ಲೇ ಇಲ್ಲ ಅನ್ನಿಸುತ್ತದೆ.

ಇದೀಗ ಮಕ್ಕಳ ಮುಖ ಗುರುತಿಸಿ ಹಾಜರಿ ಹಾಕುವ ಎಐ ಮಾತೂ ಬಂದಿದೆ. ಇಪ್ಪತ್ಮೂರು ಮಕ್ಕಳ ಶಾಲೆ ಅಂದುಕೊಳ್ಳಿ. ಟೀಚರ್‌ಗೆ ಆ ಇಪ್ಪತ್ಮೂರರ ಮುಖ ಮಾತ್ರವಲ್ಲ, ಕೆಮ್ಮೂ ಗೊತ್ತು. ಗೇಟಿನಾಚೆ ಸೈಕಲ್ ಬಿದ್ದ ಸದ್ದಿಗೇ ಬಂದವನು ಯಾರು ಅಂತ ಹೇಳುತ್ತಾರೆ. ಅಂಥವರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ನೆಟ್‌ವರ್ಕ್ ಸಿಗುವ ಕಡೆ ಫೋನು ಎತ್ತಿ ಹಿಡಿದು, ಇವಳು ಇವಳೇ ಹೌದಾ ಅಂತ ಯಂತ್ರವನ್ನು ಕೇಳಬೇಕು.

ಇಷ್ಟೆಲ್ಲ ಮಾಡಲು ಟೀಚರ್ ಶಾಲೆಯಲ್ಲಿ ಇರಬೇಕು ತಾನೇ? ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಇದನ್ನೂ ಯೋಚಿಸಿದೆ. ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ಈ ಮೂರು ಬಿಟ್ಟು ಪಾಠಕ್ಕೆ ಸಂಬಂಧಿಸದ ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಾಕುವಂತಿಲ್ಲ. 2025ರ ಸೆಪ್ಟೆಂಬರ್ 22ಕ್ಕೆ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಮನೆಗೆ 60 ಪ್ರಶ್ನೆ. ಮೇಷ್ಟ್ರುಗಳೇ ಗಣತಿದಾರರು. ಕೆಲಸ ಮುಗಿಯಲಿಲ್ಲ ಅಂತ ಶಾಲೆಯ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಸಮೀಕ್ಷೆ ಬೇಡ ಅಂತ ನಾನು ಹೇಳುತ್ತಿಲ್ಲ. ಅದು ಆ ಮೂರರಲ್ಲಿ ಯಾವುದರ ಕೆಳಗೆ ಬರುತ್ತದೆ ಅಂತಷ್ಟೇ ಕುತೂಹಲ. ಲಾಗಿನ್ ಆಗದ ಆ್ಯಪ್ ಹಿಡಿದು ಬಿಸಿಲಲ್ಲಿ ಮನೆ ಹುಡುಕಿದವರನ್ನು ಕೇಳಿದರೆ ವಿಪತ್ತು ಅನ್ನುವುದಕ್ಕೇ ಹೆಚ್ಚು ಮತ ಬೀಳಬಹುದು, ಪರಿಹಾರ ಅಂತೂ ಅಲ್ಲ.

ಹಾಗಾಗಿ ಇಲಾಖೆಗೆ ನನ್ನದೊಂದು ಸಲಹೆ. ಟೀಚರ್ ಸಮೀಕ್ಷೆಗೆ, ಮತದಾರರ ಪಟ್ಟಿಯ ಬಿಎಲ್‌ಒ ಕೆಲಸಕ್ಕೆ, ವೈಯಕ್ತೀಕೃತ ಕಲಿಕೆಯ ಮುಂದಿನ ತರಬೇತಿಗೆ ಹೋದ ದಿನ, ಅಡುಗೆ ಅಕ್ಕ ಬಾಗಿಲು ತೆಗೆದು ಒಂದರಿಂದ ಐದರವರೆಗಿನ ಅಷ್ಟೂ ಮಕ್ಕಳನ್ನು ಸ್ವಕಲಿಕೆ ತಟ್ಟೆಯಲ್ಲಿ ಕೂರಿಸಲಿ. ಹೇಗೂ ಈಗ ಆಗುತ್ತಿರುವುದು ಅದೇ. ಶೀಟಿನಲ್ಲಿ ಒಂದು ಕಾಲಂ ಜಾಸ್ತಿ ಮಾಡಿದರೆ ಸಾಕು. ಶಾಲೆಯ ಎಲ್ಲ ಮಕ್ಕಳೂ ಸ್ವಂತವಾಗಿ ಕಲಿಯುವ ಹಂತ ತಲುಪಿದ್ದಾರೆ, ನೂರಕ್ಕೆ ನೂರು, ಹಸಿರು. ಫೋಟೋ ಕಳಿಸುವಾಗ ಜಿಯೋ ಟ್ಯಾಗ್ ಆನ್ ಮಾಡಲು ಅಕ್ಕನಿಗೆ ಒಂದು ದಿನದ ತರಬೇತಿ ಕೊಡಬೇಕಾಗಬಹುದು. ಅವತ್ತು ಸಾರು ಯಾರು ಮಾಡೋದು ಅಂತ ಇನ್ನೊಂದು ಸುತ್ತೋಲೆಯಲ್ಲಿ ತಿಳಿಸಿದರಾಯಿತು.